ಮಾತ್ರೆ ನುಂಗೋಕೆ ಒಂದು ನಿಮಿಷ: 17ರ ಹುಡುಗಿ, ಅಮ್ಮನ ಒಪ್ಪಿಗೆ, ಸೆಕ್ಷನ್ 19

ಮೊದ್ಲೇ ಹೇಳ್ಬಿಡ್ತೀನಿ, ಹುಡುಗಿ ಗುರುತು ಸಿಗಬಾರದು ಅಂತ ವಯಸ್ಸೊಂದು ಬಿಟ್ಟು ಮಿಕ್ಕ ಎಷ್ಟೋ ವಿವರ ಅತ್ತಿತ್ತ ಮಾಡಿದೀನಿ, ಏರಿಯಾ ಕೂಡ. ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕೆ ಅಂತ ಇರೋ ಪೋಕ್ಸೋ ಕಾಯ್ದೆ ಸೆಕ್ಷನ್ 23 ಗುರುತು ಹೊರಗೆ ಹಾಕಬಾರದು ಅನ್ನತ್ತೆ, ಅದು ಹೇಳದೇ ಇದ್ರೂ ನಾನು ಹೀಗೇ ಬರೀತಿದ್ದೆ. ನಾನು ಡಾಕ್ಟರ್ ಅಲ್ಲ. ಎಂಎಸ್‌ಡಬ್ಲ್ಯೂ ಓದ್ಕೊಂಡು ಮಾಗಡಿ ರೋಡ್ ಕಡೆ ಒಂದು ಸಣ್ಣ ನರ್ಸಿಂಗ್ ಹೋಮಲ್ಲಿ ವಾರಕ್ಕೆ ಮೂರು ದಿನ ಕೌನ್ಸೆಲರ್ ಆಗಿ ಕೂರ್ತೀನಿ, ಸ್ಕ್ಯಾನಿಂಗ್ ರೂಮಿಗೂ ಔಷಧಿ ಕೌಂಟರಿಗೂ ಮಧ್ಯ ನಂದೊಂದು ರೂಮು, ಎರಡು ಕುರ್ಚಿ ಒಂದು ಟೇಬಲ್ ಹಾಕಿದ್ರೆ ಮುಗೀತು, ಬಾಗ್ಲು ಪೂರ್ತಿ ತೆಗೆಯೋಕೂ ಆಗಲ್ಲ.

ಅವತ್ತು ಶನಿವಾರ. ಸುಮಾರು ನಾಲ್ಕು ಗಂಟೆ. ರಿಸೆಪ್ಷನ್ ಹತ್ರ ಗಲಾಟೆ ಏನಿಲ್ಲ, ಆದ್ರೆ ರಿಸೆಪ್ಷನ್ ಹುಡುಗಿ ದನಿ ಸ್ವಲ್ಪ ಜೋರಾಗಿತ್ತು. "ಅಮ್ಮ ಎಲ್ಲಿ? ದೊಡ್ಡೋರು ಯಾರೂ ಬಂದಿಲ್ವಾ? ಹಾಗೆಲ್ಲ ನೋಡಲ್ಲ ಇಲ್ಲಿ." ಕಾಲೇಜ್ ಬ್ಯಾಗ್ ಎದೆಗೆ ಅವಚ್ಕೊಂಡು ಒಂದು ಹುಡುಗಿ ನಿಂತಿದ್ಲು, ಪಿರಿಯಡ್ಸ್ ಪ್ರಾಬ್ಲಂ ಅಂದಿದಾಳೆ, ರಿಜಿಸ್ಟರ್‌ಗೆ ಅಂತ ಆಧಾರ್ ಕೇಳಿದ್ರೆ ಕೊಟ್ಟೂ ಇದಾಳೆ. ಆ ಆಧಾರ್ ಕಾರ್ಡಿಂದಾನೇ ಇಷ್ಟೆಲ್ಲ. ಹುಟ್ಟಿದ ದಿನ ನೋಡಿ ರಿಸೆಪ್ಷನ್ ಹುಡುಗಿ ಕಂಪ್ಯೂಟರಲ್ಲಿ 17 ಅಂತ ಹೊಡೆದಾಗಿತ್ತು. ಕಾರ್ಡ್ ತಂದಿಲ್ಲ, 19 ವರ್ಷ ಅಂತ ಬಾಯ್ಮಾತಲ್ಲಿ ಹೇಳಿದ್ರೆ ಯಾರೂ ತಿರುಗಿ ನೋಡ್ತಿರ್ಲಿಲ್ಲ, ಇದನ್ನ ಆಮೇಲೆ ಅವಳೇ ನಂಗೆ ಹೇಳಿದ್ಲು, ಬಸ್ಸಲ್ಲಿ ಫ್ರೀ ಟಿಕೆಟಿಗೆ ತೋರಿಸಿ ತೋರಿಸಿ ಕೈಯಲ್ಲೇ ಇತ್ತು ಅಕ್ಕ, ಕೇಳಿದ್ರು ಕೊಟ್ಟೆ ಅಂತ.

ನಾನು ಒಳಗೆ ಕರ್ಕೊಂಡೆ. ನೀರು ಕೊಟ್ಟೆ. ಆಮೇಲೆ ನಮ್ಮ ಕಸುಬಲ್ಲಿ ಎಲ್ರೂ ಹೇಳೋ ಮಾತು ನಾನೂ ಹೇಳಿದೆ, "ಹೆದರ್ಬೇಡ ಪುಟ್ಟ, ಇಲ್ಲಿ ಹೇಳಿದ್ದು ಇಲ್ಲೇ ಇರತ್ತೆ."

ಈ ಕೇಸಲ್ಲಿ ನಾನು ಮಾಡಿದ ತಪ್ಪು ಅದೇ ವಾಕ್ಯ. ಮುಂದೆ ಬರ್ತೀನಿ ಅದಕ್ಕೆ.

ಅವಳು ಹೇಳಿದಳು. ಸೆಕೆಂಡ್ ಪಿಯುಸಿ, ಕಾಮರ್ಸ್. ಅಪ್ಪ ಆಟೋ ಓಡಿಸ್ತಾರೆ, ಅಮ್ಮ ಪೀಣ್ಯ ಕಡೆ ಗಾರ್ಮೆಂಟ್ಸಲ್ಲಿ ಟೈಲರ್. ಹುಡುಗನಿಗೆ 19, ಡೆಲಿವರಿ ಕೆಲ್ಸ, ಒಂದೂವರೆ ವರ್ಷದಿಂದ ಪರಿಚಯ. ಗುರುವಾರ ಮಧ್ಯಾಹ್ನ ಅವನ ಫ್ರೆಂಡ್ ರೂಮಲ್ಲಿ ಸೇರಿದಾರೆ, ಕಾಂಡೋಮ್ ಹರಿದೋಗಿದೆ. ಬಲವಂತ ಏನಾದ್ರೂ ಇತ್ತಾ ಅಂತ ನಾನು ಮೂರು ಥರ ಕೇಳಿದೆ, ಫೋಟೋ ಗೀಟೋ ಇಟ್ಕೊಂಡಿದಾನಾ, ದುಡ್ಡು ಕೇಳ್ತಾನಾ, ನಿಂಗೆ ಇಷ್ಟ ಇಲ್ದಾಗ ಬೇಡ ಅಂದ್ರೆ ಕೇಳ್ತಾನಾ, ಹೀಗೆ. ಅವಳು ನನ್ನೇ ಒಂಥರಾ ನೋಡಿ "ಅವ್ನೇ ಅಕ್ಕ ಮೊದ್ಲು ಮೆಡಿಕಲ್‌ಗೆ ಹೋಗಿದ್ದು" ಅಂದ್ಲು. ಅವ್ನು ಹೋದ ಅಂಗ್ಡಿಯಲ್ಲಿ ಸ್ಟಾಕ್ ಇಲ್ಲ ಅಂದ್ರಂತೆ. ಶುಕ್ರವಾರ ಇವಳೇ ಪರಿಚಯದವರು ಸಿಗಬಾರ್ದು ಅಂತ ಬಸ್ ಹತ್ತಿ ವಿಜಯನಗರಕ್ಕೆ ಹೋಗಿದಾಳೆ, ಅಲ್ಲಿ ಅಂಗಡಿಯವರು ಚೀಟಿ ತಗೊಂಡು ಬಾ ಅಂದಿದಾರೆ, ಪಕ್ಕದಲ್ಲಿ ಬಿಪಿ ಮಾತ್ರೆ ತಗೋತಿದ್ದ ತಾತ ತಲೆಯಿಂದ ಕಾಲ್ತನಕ ನೋಡಿದಾರೆ, ಇವಳು ವಿಕ್ಸ್ ತಗೊಂಡು ವಾಪಸ್ ಬಂದಿದಾಳೆ. ಆ ವಿಕ್ಸ್ ಡಬ್ಬಿ ಬ್ಯಾಗಲ್ಲೇ ಇತ್ತು, ಮಾತಾಡ್ತಾ ಮಾತಾಡ್ತಾ ಅದರ ಮುಚ್ಚಳ ತಿರುಗಿಸೋದು ಹಾಕೋದು ಮಾಡ್ತಿದ್ಲು, ರೂಮೆಲ್ಲ ವಿಕ್ಸ್ ವಾಸನೆ.

ಇಲ್ಲಿ ಒಂದು ಮಾತು. ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂನ ಎಮರ್ಜೆನ್ಸಿ ಮಾತ್ರೆ, ಐ-ಪಿಲ್, ಅನ್‌ವಾಂಟೆಡ್-72 ಅಂತೆಲ್ಲ ಹೆಸರಿರೋದು, 2005ರಿಂದಾನೇ ನಮ್ಮ ದೇಶದಲ್ಲಿ ಚೀಟಿ ಇಲ್ದೆ ಮಾರಬಹುದು. 72 ಗಂಟೆ ಒಳಗೆ ನುಂಗಬೇಕು, ಎಷ್ಟು ಬೇಗ ನುಂಗಿದ್ರೆ ಅಷ್ಟು ಒಳ್ಳೇದು, ಯಾಕಂದ್ರೆ ಅದು ಮಾಡೋ ಕೆಲ್ಸ ಅಂಡಾಣು ಬಿಡುಗಡೆ ಆಗೋದನ್ನ ಮುಂದಕ್ಕೆ ತಳ್ಳೋದು, ಬಿಡುಗಡೆ ಆಗಿಹೋದ್ಮೇಲೆ ನುಂಗಿ ಹೆಚ್ಚು ಪ್ರಯೋಜನ ಇಲ್ಲ. ಅದು ಗರ್ಭ ಇಳಿಸೋ ಮಾತ್ರೆ ಅಲ್ಲ, ಗರ್ಭ ನಿಂತಿದ್ರೆ ಅದಕ್ಕೇನೂ ಮಾಡಲ್ಲ. ಎರಡಕ್ಕೂ ವ್ಯತ್ಯಾಸ ಗೊತ್ತಿಲ್ದೆ ಅಂಗಡಿಯವ್ರು ಹೆದರ್ತಾರೆ, ಗೊತ್ತಿದ್ದವ್ರು ಹುಡುಗಿ ಮುಖ ನೋಡಿ ಹೆದರ್ತಾರೆ. ಎರಡು ಅಂಗಡಿ ಸುತ್ತಿ ನನ್ನ ಮುಂದೆ ಕೂರೋ ಹೊತ್ತಿಗೆ ಅವಳಿಗೆ 50 ಗಂಟೆ ಕಳೆದಿತ್ತು.

ಡಾಕ್ಟರ್ ಮೇಡಂಗೆ ಹೇಳಿದೆ. ಅವರು ಐವತ್ತು ದಾಟಿದವರು, ಮಾತು ಕಮ್ಮಿ, ರೇಗೋದು ಜಾಸ್ತಿ, ಆದ್ರೆ ಈ ವಿಷಯದಲ್ಲಿ ಒಂದು ಕ್ಷಣ ಯೋಚ್ನೆ ಮಾಡ್ಲಿಲ್ಲ, ಕೌಂಟರಿಂದ ಮಾತ್ರೆ ತರಿಸಿ ತಮ್ಮ ಮುಂದೇನೇ ನುಂಗಿಸಿದ್ರು. 2 ಗಂಟೆ ಒಳಗೆ ವಾಂತಿ ಆದ್ರೆ ಇನ್ನೊಂದು ಬೇಕಾಗತ್ತೆ ಹೇಳು, ಈ ಸಲ ಡೇಟ್ ಹಿಂದೆ ಮುಂದೆ ಆಗಬಹುದು, 3 ವಾರ ಆದ್ರೂ ಆಗ್ಲಿಲ್ಲ ಅಂದ್ರೆ ಯೂರಿನ್ ಟೆಸ್ಟ್ ಮಾಡಿಸ್ಬೇಕು, ಈ ಮಾತ್ರೆ ಹಿಂದೆ ಆಗಿದ್ದಕ್ಕೆ ಮಾತ್ರ ಮುಂದಿನದಕ್ಕಲ್ಲ, ಇಷ್ಟು ಹೇಳಿದ್ರು. ನಾನು ಮೆಲ್ಲಗೆ, ಅಮ್ಮನ ಸಹಿ ಇಲ್ದೆ ಕೊಡಬಹುದಾ ಮೇಡಂ ಅಂದೆ. ಅಬಾರ್ಷನ್‌ಗಾದ್ರೆ ಎಂಟಿಪಿ ಕಾಯ್ದೆ, ಅಂದ್ರೆ ಗರ್ಭಪಾತದ ಕಾಯ್ದೆಯಲ್ಲಿ 18 ಒಳಗಿನವರಿಗೆ ಪೋಷಕರು ಬರೆದುಕೊಟ್ಟ ಒಪ್ಪಿಗೆ ಬೇಕೇ ಬೇಕು, ಅದು ಸ್ಪಷ್ಟ. ಗರ್ಭನಿರೋಧಕ ಮಾತ್ರೆಗೆ ಆ ಥರ ಕಾಯ್ದೆ ಇಲ್ಲ, 12ರಿಂದ 18ರ ಮಧ್ಯದ ಮಕ್ಕಳ ಒಪ್ಪಿಗೆ ನಡೆಯುತ್ತಾ ಇಲ್ವಾ ಅನ್ನೋದೇ ನಮ್ಮಲ್ಲಿ ಮಬ್ಬು ಮಬ್ಬು, ಆಸ್ಪತ್ರೆಗಳು ಮೈಮೇಲೆ ಬರಬಾರ್ದು ಅಂತ 18 ಅಂತ ಗೆರೆ ಎಳ್ಕೊಂಡಿದಾವೆ ಅಷ್ಟೇ. ಮೇಡಂ ನನ್ನ ಪ್ರಶ್ನೆಗೆ ಉತ್ತರಾನೇ ಕೊಡ್ಲಿಲ್ಲ, "ಸಹಿ ಬಿಡ್ರಿ, ಪೋಕ್ಸೋಗೆ ಏನ್ ಮಾಡ್ತೀರ ಹೇಳಿ" ಅಂದ್ರು.

ಅದೇ ನಿಜವಾದ ಪ್ರಶ್ನೆ. 2012ರ ಪೋಕ್ಸೋ ಕಾಯ್ದೆಯಲ್ಲಿ 18 ಒಳಗಿನವರೆಲ್ಲ ಮಕ್ಕಳು, ಒಪ್ಪಿಗೆ ಅನ್ನೋ ಮಾತೇ ಇಲ್ಲ. ಸೆಕ್ಷನ್ 19 ಪ್ರಕಾರ ಅಪರಾಧ ಆಗಿದೆ ಅಂತ ಗೊತ್ತಾದ ಯಾರೇ ಆಗ್ಲಿ, ಆಗಬಹುದು ಅನ್ನೋ ಅನುಮಾನ ಇದ್ದವ್ರೂ ಸೇರಿ, ಪೊಲೀಸಿಗೆ ಹೇಳಲೇಬೇಕು. ಹೇಳ್ಲಿಲ್ಲ ಅಂದ್ರೆ ಸೆಕ್ಷನ್ 21, 6 ತಿಂಗಳ ತನಕ ಜೈಲು ಅಥವಾ ದಂಡ ಅಥವಾ ಎರಡೂ, ಸಂಸ್ಥೆ ನಡೆಸೋರು ತಮ್ಮ ಕೈಕೆಳಗಿನವರು ಮಾಡಿದ ಅಪರಾಧ ಹೇಳದೇ ಇದ್ರೆ 1 ವರ್ಷದ ತನಕ ಜೈಲು, ಜೊತೆಗೆ ದಂಡ. ಡಾಕ್ಟರು ರೋಗಿ ಗುಟ್ಟು, ಕೌನ್ಸೆಲರ್ ಗುಟ್ಟು ಅಂತ ಯಾವ ವಿನಾಯ್ತಿನೂ ಇಲ್ಲ. ತಮಾಷೆ ಏನಂದ್ರೆ ಆ 'ಯಾರೇ ಆಗ್ಲಿ' ಅನ್ನೋದ್ರಲ್ಲಿ ಆ ಮಗುನೂ ಸೇರಿದೆ, ಮಗುಗೆ ಶಿಕ್ಷೆ ಇಲ್ಲ ಅನ್ನೋದಷ್ಟೇ ಸಮಾಧಾನ. ಇದೇ ಪೋಕ್ಸೋದ 2020ರ ನಿಯಮಗಳಲ್ಲಿ ತುರ್ತು ಚಿಕಿತ್ಸೆ ಕೊಡೋ ಡಾಕ್ಟರು ಗರ್ಭದ ಸಾಧ್ಯತೆ, ಎಮರ್ಜೆನ್ಸಿ ಮಾತ್ರೆ ಬಗ್ಗೆ ಹುಡುಗಿ ಹತ್ರ, ಅವಳ ಅಪ್ಪ ಅಮ್ಮ ಅಥವಾ ಅವಳು ನಂಬೋ ಬೇರೆ ಯಾರಾದ್ರೂ ದೊಡ್ಡೋರ ಹತ್ರ ಮಾತಾಡಬೇಕು ಅಂತ ಇದೆ. ಮಾತ್ರೆಗೆ ಕಾಯ್ದೆ ಅಡ್ಡ ಇಲ್ಲ. ಮಾತ್ರೆ ಕೊಟ್ಟು ಸುಮ್ನಿರೋದಕ್ಕೆ ಅಡ್ಡ.

ಈಗ ನಾನು ಒಳಗೆ ಹೋಗಿ, ಇಲ್ಲಿ ಹೇಳಿದ್ದು ಇಲ್ಲೇ ಇರತ್ತೆ ಅಂದಿದ್ನಲ್ಲ ಪುಟ್ಟ, ಅದು ಹಾಗಲ್ಲ ಅಂತ ಹೇಳ್ಬೇಕು. ಹೇಳಿದೆ. ಅವಳು ಕೂಗ್ಲಿಲ್ಲ, ಅಳ್ಲಿಲ್ಲ. ವಿಕ್ಸ್ ಡಬ್ಬಿ ಬ್ಯಾಗಿಗೆ ಹಾಕಿ ಜಿಪ್ ಎಳೆದು, "ಹಾಗಾದ್ರೆ ನಾನು ಬಂದೇ ಇಲ್ಲ ಅನ್ಕೊಳಿ" ಅಂದ್ಲು. ಬಂದಾಗಿತ್ತು. ಕಂಪ್ಯೂಟರಲ್ಲಿ ಹೆಸರಿತ್ತು.

ಎಂಎಸ್‌ಡಬ್ಲ್ಯೂ ಕ್ಲಾಸಲ್ಲಿ ನಮಗೆ ಇಂಗ್ಲೆಂಡಿನ ಗಿಲಿಕ್ ಕೇಸ್ ಪಾಠ ಮಾಡಿದ್ರು. ವಿಕ್ಟೋರಿಯಾ ಗಿಲಿಕ್ ಅಂತ ಒಬ್ಬ ತಾಯಿ, ಹತ್ತು ಮಕ್ಕಳ ತಾಯಿ, 16 ಒಳಗಿನ ನನ್ನ ಹೆಣ್ಮಕ್ಕಳಿಗೆ ನಂಗೆ ಹೇಳ್ದೆ ಗರ್ಭನಿರೋಧಕ ಕೊಡಬಾರ್ದು ಅಂತ ಕೋರ್ಟಿಗೆ ಹೋದ್ರು, ಕೆಳಗಿನ ಕೋರ್ಟಲ್ಲಿ ಸೋತ್ರು, ಅಪೀಲಲ್ಲಿ ಗೆದ್ರು, ಕೊನೆಗೆ 1985ರಲ್ಲಿ ಆಗ ಅಲ್ಲಿನ ಅತಿ ದೊಡ್ಡ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸಲ್ಲಿ ಮೂರಕ್ಕೆ ಎರಡರಲ್ಲಿ ಸೋತ್ರು. ಹುಡುಗಿಗೆ ವಿಷಯ ಅರ್ಥ ಆಗುವಷ್ಟು ಬುದ್ಧಿ ಬಂದಿದ್ರೆ ಡಾಕ್ಟರು ಕೊಡಬಹುದು, ಆದ್ರೆ ಅಪ್ಪ ಅಮ್ಮಂಗೆ ಹೇಳು ಅಂತ ಮೊದ್ಲು ಒಪ್ಪಿಸೋಕೆ ನೋಡ್ಬೇಕು ಅಂತ ತೀರ್ಪು. ಪರೀಕ್ಷೇಲಿ ಹತ್ತು ಮಾರ್ಕಿಗೆ ಬರೆದಿದ್ದೆ. ಅವತ್ತು ಮಾಗಡಿ ರೋಡಲ್ಲಿ ಆ ಹತ್ತು ಮಾರ್ಕಲ್ಲಿ ನಂಗೆ ಉಪಯೋಗಕ್ಕೆ ಬಂದಿದ್ದು ಕೊನೇ ವಾಕ್ಯ ಮಾತ್ರ, ಅಮ್ಮಂಗೆ ಹೇಳು ಅಂತ ಒಪ್ಪಿಸೋದು.

ಮುಕ್ಕಾಲು ಗಂಟೆ ಹಿಡೀತು. ಬೇರೆಯವರ ಬಾಯಿಂದ ಗೊತ್ತಾಗೋದಕ್ಕಿಂತ ನೀನೇ ಹೇಳೋದು ಮೇಲು ಅಂತ ಅಲ್ಲ, ಆ ಮಾತೆಲ್ಲ ಅವಳು ಕೇಳಿಸ್ಕೊಳ್ಳೋ ಸ್ಥಿತೀಲಿ ಇರ್ಲಿಲ್ಲ. "ನಿಮ್ಮನೇಲಿ ನಿನ್ನ ಪರ ನಿಲ್ಲೋರು ಯಾರು" ಅಂತ ಕೇಳಿದೆ. ಬಹಳ ಹೊತ್ತಾದ್ಮೇಲೆ "ಅಮ್ಮಾನೇ, ಆದ್ರೆ ಮೊದ್ಲು ಹೊಡೀತಾಳೆ" ಅಂದ್ಲು.

ಅಮ್ಮ ಶಿಫ್ಟ್ ಮುಗಿಸಿ ಆರು ಗಂಟೆಗೆ ಬಂದ್ರು. ಸೀರೆ ಸೆರಗಿಗೆ ಬಣ್ಣ ಬಣ್ಣದ ದಾರದ ಎಳೆ ಅಂಟ್ಕೊಂಡಿತ್ತು. ಮಗಳೇ ಹೇಳಿದ್ಲು, ನಾನು ಪಕ್ಕದಲ್ಲಿದ್ದೆ. ಅಮ್ಮ ಕೈ ಎತ್ತಿದ್ರು, ರೂಮು ಸಣ್ಣದು, ಕೈ ಟೇಬಲ್ ಫ್ಯಾನಿಗೆ ತಗುಲಿ ಫ್ಯಾನು ಬಿತ್ತು, ಆ ಸದ್ದಿಗೆ ಇಬ್ರೂ ಬೆಚ್ಚಿ ಅಮ್ಮ ಕೂತ್ಬಿಟ್ರು. ಸುಮಾರು ಹೊತ್ತು ಸೆರಗಿನ ದಾರ ಒಂದೊಂದೇ ಬಿಡಿಸ್ತಾ ಕೂತಿದ್ರು. ಆಮೇಲೆ ಮೊದಲ ಮಾತು, "ಗುಳಿಗೆ ನುಂಗಿದ್ಯೇನೇ?" ಎರಡನೇ ಮಾತು ನಂಗೆ, "ಮೇಡಂ, ಹೊತ್ತು ಮೀರಿಲ್ಲ ತಾನೆ?"

ಮೂರನೇದು ಡಾಕ್ಟರಿಗೆ. ನಾನು ಈ ಪ್ರಕರಣ ಬರೀತಿರೋದೇ ಆ ಮೂರನೇ ಮಾತಿಗೆ. "ಮೇಡಂ, ನಾನು ಮೂರ್ ತಿಂಗ್ಳಿಗೊಂದ್ಸಲ ಸರ್ಕಾರಿ ಆಸ್ಪತ್ರೇಲಿ ಅಂತರ ಸೂಜಿ ಹಾಕುಸ್ಕೊತೀನಿ, ಇವರಪ್ಪಂಗೆ ಗೊತ್ತಿಲ್ಲ. ಇವ್ಳಿಗೂ ಅದೇ ಹಾಕ್ಬುಡಿ. ಓದ್ ಮುಗಿಯೋ ತನ್ಕ ಆದ್ರೂ."

ಸ್ವಂತ ಗಂಡನಿಗೆ ಗೊತ್ತಾಗದ ಹಾಗೆ ಮೂರು ತಿಂಗಳಿಗೊಂದು ಗರ್ಭ ತಡೆಯೋ ಸೂಜಿ ಚುಚ್ಚಿಸ್ಕೊಳ್ಳೋ ಹೆಂಗಸು ಅದು. ಗುಟ್ಟು ಅಂದ್ರೇನು ಅಂತ ನಮಗಿಂತ ಚೆನ್ನಾಗಿ ಗೊತ್ತು. ಪೋಷಕರ ಒಪ್ಪಿಗೆ ಬೇಕಾ ಬೇಡ್ವಾ ಅಂತ ನಾವು ವರ್ಕ್‌ಶಾಪಲ್ಲಿ ಅಷ್ಟೆಲ್ಲ ಜಗಳ ಆಡ್ತೀವಿ, ಇಲ್ಲಿ ಪೋಷಕರು ಒಪ್ಪಿಗೆ ಕೊಡ್ತಿಲ್ಲ, ಬೇಡ್ಕೊಳ್ತಿದಾರೆ. ಡಾಕ್ಟರ್ ಮೇಡಂ ಕನ್ನಡಕ ತೆಗೆದು ಟೇಬಲ್ ಮೇಲಿಟ್ರು. ಅಂತರ ಸೂಜಿ ಸಣ್ಣ ವಯಸ್ಸಿನವ್ರಿಗೆ ಮೂಳೆ ವಿಚಾರ ನೋಡ್ಕೊಂಡು ಯೋಚ್ನೆ ಮಾಡಿ ಕೊಡ್ಬೇಕಾದ್ದು ಅಂತ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿ, "ನೋಡಮ್ಮ, ಕೊಡಬಾರದು ಅಂತ ಎಲ್ಲೂ ಬರೆದಿಲ್ಲ. ಆದ್ರೆ ನಾನು ಕೊಟ್ರೆ ಮುಂದೇನಾಗತ್ತೆ ಅಂತ ಗೊತ್ತಿದ್ದೇ ಕೊಟ್ಟ ಹಾಗೆ. ಅದನ್ನೂ ಪೊಲೀಸಿಗೆ ಹೇಳ್ಬೇಕು" ಅಂದ್ರು. ಪೊಲೀಸ್ ಅನ್ನೋ ಮಾತು ಅಮ್ಮಂಗೆ ಕೇಳಿಸಿದ್ದು ಆವಾಗ್ಲೇ.

ಮುಂದಿನ ಒಂದು ಗಂಟೆ ಬರೆಯೋಕೆ ಇಷ್ಟ ಇಲ್ಲ. ಕಾಲಿಗೆ ಬೀಳೋಕೆ ಬಂದ್ರು, ನನ್ ಮಗ್ಳು ವಿಷ್ಯ ನನ್ ಹತ್ರ ಹೇಳಾಯ್ತಲ್ಲ ಇನ್ಯಾರಿಗ್ ಹೇಳ್ಬೇಕು ಅಂದ್ರು, ಕೊನೆಗೆ "ಹಂಗಾದ್ರೆ ಈಗ ನಂಗೂ ಗೊತ್ತಾಯ್ತಲ್ಲ, ನಾನೂ ಹೋಗಿ ಕಂಪ್ಲೇಂಟ್ ಕೊಡ್ಬೇಕಾ" ಅಂತ ಸಿಟ್ಟಲ್ಲಿ ಕೇಳಿದ್ರು. ಕಾಯ್ದೆ ಪ್ರಕಾರ ಹೌದು. ನಾನು ಹೌದು ಅನ್ನಲಿಲ್ಲ.

ಒಂದು ದಾರಿ ಇದ್ಯೇನೋ ಅಂತ ನಾನು ಮೇಡಂ ಹತ್ರ 2022ರ ಸುಪ್ರೀಂ ಕೋರ್ಟ್ ತೀರ್ಪು ಎತ್ತಿದೆ. ಸೆಪ್ಟೆಂಬರ್ 29ಕ್ಕೆ ಜಸ್ಟಿಸ್ ಚಂದ್ರಚೂಡ್ ಪೀಠ ಕೊಟ್ಟಿದ್ದು, ಮದುವೆ ಆಗದ ಹೆಣ್ಮಕ್ಕಳಿಗೂ 24 ವಾರದ ತನಕ ಅಬಾರ್ಷನ್ ಹಕ್ಕು ಅಂದ್ರಲ್ಲ, ಅದೇ. ಅದರಲ್ಲಿ ಇನ್ನೊಂದು ಮುಖ್ಯ ಮಾತಿದೆ, ಅಪ್ರಾಪ್ತ ಹುಡುಗಿ ಒಪ್ಪಿ ಸೇರಿ ಗರ್ಭಿಣಿಯಾಗಿ ಅಬಾರ್ಷನ್‌ಗೆ ಬಂದಾಗ, ಅವಳೂ ಪೋಷಕರೂ ಕೇಳ್ಕೊಂಡ್ರೆ ಡಾಕ್ಟರು ಪೊಲೀಸಿಗೆ ಕೊಡೋ ಮಾಹಿತಿಯಲ್ಲಿ ಅವಳ ಹೆಸರು ಗುರುತು ಹೇಳ್ಬೇಕಾಗಿಲ್ಲ. ಮೇಡಂ ಓದಿದ್ರು ಅದನ್ನ. "ಅದು ಎಂಟಿಪಿಗೆ ಕಣ್ರೀ. ಇವಳು ಎಂಟಿಪಿಗೆ ಬಂದಿಲ್ವಲ್ಲ."

ಇದನ್ನ ನೀವು ಇನ್ನೊಂದ್ಸಲ ಓದಿ. ಬಸಿರಾಗಿ ಬಂದಿದ್ರೆ ಹೆಸರು ಮುಚ್ಚಿಡೋಕೆ ಸುಪ್ರೀಂ ಕೋರ್ಟಿನ ಆಸರೆ ಇತ್ತು. ಬಸಿರಾಗಬಾರ್ದು ಅಂತ 50 ಗಂಟೆಗೇ ಓಡಿ ಬಂದಳು, ಅದಕ್ಕೆ ಆ ಆಸರೆ ಇಲ್ಲ. ಜವಾಬ್ದಾರಿಯಿಂದ ನಡ್ಕೊಂಡಿದ್ದೇ ಅವಳ ತಪ್ಪಾಯ್ತು ಅನ್ನೋ ಹಾಗೆ. ಕಾಯ್ದೆ ಬರೆದವರು ಹೀಗಾಗ್ಲಿ ಅಂತ ಬರೆದಿಲ್ಲ ಅಂತ ನಂಗೂ ಗೊತ್ತು, ಆದ್ರೆ ಆಗೋದು ಹೀಗೆ.

ಅದೇ ವೇಳೆಗೆ ಇನ್ನೊಂದು ಕಡೆನೂ ಹೇಳ್ಬೇಕು, ಇಲ್ಲಾಂದ್ರೆ ನಾನು ಅರ್ಧ ಸತ್ಯ ಹೇಳಿದ ಹಾಗಾಗತ್ತೆ. ಇದಕ್ಕೆ ಎರಡು ವರ್ಷ ಮುಂಚೆ ಇದೇ ಕುರ್ಚೀಲಿ 15ರ ಹುಡುಗಿ ಕೂತಿದ್ಲು, ಜೊತೆಗೆ ಅವಳ ತಾಯಿ, ಮನೆಯವ್ರೇ ಒಬ್ಬ ದೊಡ್ಡೋನು ವರ್ಷದಿಂದ ಕಾಟ ಕೊಡ್ತಿದ್ದ, ತಾಯಿಗೆ ಬೇಕಾಗಿದ್ದು ಮಾತ್ರೆ ಮತ್ತೆ ನಮ್ಮ ಬಾಯಿ ಮುಚ್ಚೋದು. ಅವತ್ತು ಸೆಕ್ಷನ್ 19 ಇಲ್ದೇ ಇದ್ದಿದ್ರೆ ನಾವು ಆ ತಾಯಿ ಮಾತು ಕೇಳಿ ಕಳಿಸ್ತಿದ್ವಿ ಅಂತ ಅನ್ಸತ್ತೆ. ಪೋಷಕರ ಒಪ್ಪಿಗೆ ಅಂದ್ರೆ ಹುಡುಗಿಗೆ ರಕ್ಷಣೆ ಅಂತೇನಲ್ಲ. ಆದ್ರೆ ಆ 15ರ ಹುಡುಗಿಗೂ ಈ 17ರ ಹುಡುಗಿಗೂ ಕಾಯ್ದೆಯಲ್ಲಿ ಒಂದೇ ಫಾರಂ, ಒಂದೇ ಸ್ಟೇಷನ್ನು. ನಮ್ಮ ಹೈಕೋರ್ಟಿನ ಧಾರವಾಡ ಪೀಠನೇ 2022ರ ನವೆಂಬರಲ್ಲಿ, 16 ದಾಟಿದವರ ಪ್ರೀತಿ ಪ್ರೇಮದ ಕೇಸುಗಳು ಇಷ್ಟು ಬರ್ತಿರೋದ್ರಿಂದ ಕಾನೂನು ಆಯೋಗ ವಯಸ್ಸಿನ ಬಗ್ಗೆ ಇನ್ನೊಮ್ಮೆ ಯೋಚಿಸ್ಬೇಕು ಅಂದಿತ್ತು. 2023ರಲ್ಲಿ ಆಯೋಗ ಯೋಚಿಸಿ, ವಯಸ್ಸು 18ರಿಂದ ಇಳಿಸೋದು ಬೇಡ, 16ರಿಂದ 18ರ ಕೇಸಲ್ಲಿ ಶಿಕ್ಷೆ ಕೊಡುವಾಗ ಜಡ್ಜು ವಿವೇಚನೆ ಬಳಸ್ಲಿ ಅಂತು. ಶಿಕ್ಷೆ ಹಂತದ ತನಕ ಹೋದ್ಮೇಲಿನ ಮಾತು ಅದು.

ಡಾಕ್ಟರ್ ಮೇಡಂ ರಿಪೋರ್ಟ್ ಮಾಡಿದ್ರು. ಅವರ ಜಾಗದಲ್ಲಿ ನಾನಿದ್ರೂ ಮಾಡ್ತಿದ್ದೆನೋ ಏನೋ, ಅವರ ಕೆಳಗೆ ಹನ್ನೊಂದು ಜನ ಕೆಲ್ಸಕ್ಕಿದೀವಿ. ಭಾನುವಾರ ಮಹಿಳಾ ಎಸ್‌ಐ ಮಫ್ತಿಯಲ್ಲಿ ಬಂದ್ರು, ವಠಾರದಲ್ಲಿ ಬೇಡ ಅಂತ ಅಮ್ಮ ಕೇಳ್ಕೊಂಡಿದ್ದಕ್ಕೆ ನನ್ನ ರೂಮಲ್ಲೇ ಹೇಳಿಕೆ ತಗೊಂಡ್ರು, ಮಗು ಹೇಳಿದ ಜಾಗದಲ್ಲಿ ತಗೋಬಹುದು ಅಂತ ಕಾಯ್ದೆಯಲ್ಲೇ ಇದೆ. ಒಳ್ಳೆ ಹೆಂಗಸು, ದನಿ ಏರಿಸಲಿಲ್ಲ. ಹುಡುಗಿ ಒಳಪರೀಕ್ಷೆ ಬೇಡ ಅಂದ್ಲು, ಬೇಡ ಅನ್ನೋ ಹಕ್ಕು ಅವಳಿಗಿದೆ, ಬೇಡ ಅಂದಿದಾಳೆ ಅಂತ್ಲೇ ಬರೆದ್ರು. ಹುಡುಗನ್ನ ಸೋಮವಾರ ಅರೆಸ್ಟ್ ಮಾಡಿದ್ರು. 19 ಅಲ್ವಾ, ದೊಡ್ಡೋರ ಲೆಕ್ಕ, ಪರಪ್ಪನ ಅಗ್ರಹಾರ. ಅವನ ಮೇಲೆ ಹಾಕಿರೋ ಪೋಕ್ಸೋ ಸೆಕ್ಷನಲ್ಲಿ ಕನಿಷ್ಠ ಶಿಕ್ಷೆನೇ 10 ವರ್ಷ, 2019ರ ತಿದ್ದುಪಡಿಗೆ ಮುಂಚೆ 7 ಇತ್ತು. ಬೇಲ್ ಸಿಕ್ಕಿದೆ, ಕೇಸ್ ನಡೀತಿದೆ. ಅಪ್ಪಂಗೆ ಮಂಗಳವಾರ ಗೊತ್ತಾಯ್ತು. ಅವಳು ಇಪ್ಪತ್ತು ದಿನ ಕಾಲೇಜಿಗೆ ಹೋಗ್ಲಿಲ್ಲ, ಅಮ್ಮ ಗಂಡನ ಹತ್ರ ಏನು ಜಗಳ ಆಡಿದ್ರೋ ಗೊತ್ತಿಲ್ಲ, ಇಪ್ಪತ್ತೊಂದನೇ ದಿನ ಕಳಿಸಿದ್ರು. ಅದಕ್ಕೂ ಮುಂಚೆನೇ ಒಂದು ರಾತ್ರಿ ನನ್ನ ಫೋನಿಗೆ ಅಮ್ಮನಿಂದ ವಾಯ್ಸ್ ಮೆಸೇಜು, ಹಿಂದೆ ಕುಕ್ಕರ್ ಕೂಗ್ತಿತ್ತು, "ಮೇಡಂ, ಡೇಟ್ ಆಯ್ತು ಅವ್ಳು", ಅಷ್ಟೇ. ಮಾತ್ರೆ ಕೆಲ್ಸ ಮಾಡಿತ್ತು.

ಸರ್ಕಾರದ್ದೇ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014ರಿಂದ ಇದೆ, 10ರಿಂದ 19 ವರ್ಷದವ್ರಿಗೆ, ನಮ್ಮ ರಾಜ್ಯದಲ್ಲಿ ಅದರ ಕ್ಲಿನಿಕ್ಕಿಗೆ ಸ್ನೇಹ ಕ್ಲಿನಿಕ್ ಅಂತ ಚಂದದ ಹೆಸರಿದೆ. ನಿಮ್ಮ ವಿಷಯ ಗುಟ್ಟಾಗಿರತ್ತೆ ಬನ್ನಿ ಅಂತ ಕರೆಯೋದೇ ಅದರ ಉದ್ದೇಶ. ಅಲ್ಲಿ ಕೂರೋ ಕೌನ್ಸೆಲರಿಗೂ ನಂಗೆ ಅಂಟಿರೋ ಸೆಕ್ಷನ್ನೇ ಅಂಟಿರೋದು. ಟ್ರೇನಿಂಗಲ್ಲಿ ಸಿಕ್ಕಿದ ಒಬ್ಬಾಕೆ ಹತ್ರ ನೀವೇನ್ ಮಾಡ್ತೀರಿ ಅಂತ ಕೇಳಿದ್ದೆ, "ನಾವು ವಯಸ್ಸು ಕೇಳಲ್ಲ ರೀ" ಅಂತ ನಕ್ಕುಬಿಟ್ರು.

ಈಗ ನಾನು ಬದಲಾಯಿಸಿರೋದು ಒಂದೇ. 'ಇಲ್ಲಿ ಹೇಳಿದ್ದು ಇಲ್ಲೇ ಇರತ್ತೆ' ಅನ್ನೋ ಮಾತು ಬಿಟ್ಟಿದೀನಿ. 18 ಒಳಗಿನವರು ಬಂದು ಕೂತ ತಕ್ಷಣ, ಅವರು ಬಾಯಿ ತೆಗೆಯೋಕೆ ಮುಂಚೆ, ನೀನು ಹೇಳೋದ್ರಲ್ಲಿ ಕೆಲವು ವಿಷಯ ನಾನು ಪೊಲೀಸಿಗೆ ಹೇಳ್ಲೇಬೇಕಾಗತ್ತೆ, ಯಾವ ವಿಷಯ ಅಂತ ಮೊದ್ಲು ಹೇಳ್ತೀನಿ ಕೇಳಿಸ್ಕೊ, ಆಮೇಲೆ ಏನು ಹೇಳ್ಬೇಕು ಅಂತ ನೀನೇ ನಿರ್ಧಾರ ಮಾಡು ಅಂತೀನಿ. ಜೊತೆಗೇ, ಎಮರ್ಜೆನ್ಸಿ ಮಾತ್ರೆಗೆ ಚೀಟಿ ಬೇಕಾಗಿಲ್ಲ, ಎಷ್ಟು ಗಂಟೆ ಒಳಗೆ ನುಂಗಬೇಕು, ಅದೆಲ್ಲ ಪಾಠದ ಥರ ಎಲ್ರಿಗೂ ಹೇಳಿಬಿಡ್ತೀನಿ, ಬೇಕಾದವರಿಗೆ ಬೇಕಾದ್ದು ಸಿಗ್ಲಿ ಅಂತ. ಇದು ಸರಿಯಾದ ಪದ್ಧತಿ ಅಂತಾನೇ ಎಲ್ರೂ ಅಂತಾರೆ, ಮೇಡಂ ಕೂಡ.

ಹೋದ ತಿಂಗಳು ಒಬ್ಬಳು ಬಂದಿದ್ಲು, ಯೂನಿಫಾರ್ಮ್ ಮೇಲೆ ಸ್ವೆಟರ್, ಹದಿನಾರೋ ಹದಿನೇಳೋ. ಕೂತಳು. ನಾನು ನನ್ನ ಪಾಠ ಒಪ್ಪಿಸಿದೆ. ಅವಳು ಪೂರ್ತಿ ಕೇಳಿಸ್ಕೊಂಡು, ಸ್ವೆಟರ್ ತೋಳು ಬೆರಳ ತನಕ ಎಳ್ಕೊಂಡು, "ಇಲ್ಲ ಅಕ್ಕ, ಬರೀ ಹೊಟ್ಟೆನೋವು" ಅಂದ್ಲು. ಹೊಟ್ಟೆನೋವಿನ ಮಾತ್ರೆ ಬರೆಸ್ಕೊಂಡು ಹೋದ್ಲು.